ಸಕ್ಕರೆ ಹಾಕಿದರೆ ಕೆಡುವ ಕಾಫಿ

ನಮ್ಮ ಮನೆಯ ಮಿಕ್ಸರ್‌ಗೆ ವರ್ಗವಾಗಿದೆ. ನಾನು ವಿಜಯಪುರದ ಈ ಜಲನಗರದ ಮನೆಗೆ ಬಂದಾಗಿನಿಂದ ಅಡುಗೆಕಟ್ಟೆಯ ಮೇಲೆ, ಪ್ಲಗ್ಗಿಗೆ ಹತ್ತಿರವಾಗಿ, ಕಿಟಕಿಯ ಗಾಳಿ ತಿನ್ನುತ್ತ ಕೂತಿದ್ದ ಅದು ಈಗ ಫ್ರಿಜ್ಜಿನ ತಲೆಯ ಮೇಲೆ ಹೋಗಿ ಕೂತಿದೆ. ಶೇಂಗಾ ಚಟ್ನಿ ಮಾಡಬೇಕೆಂದರೆ ನಮ್ಮ ಮನೆಯವರನ್ನು ಕರೆದು ಇಳಿಸಿಕೊಳ್ಳಬೇಕು. ಇಳಿಸುವಾಗಲೆಲ್ಲ ಅವರು ಅದರ ಬೆನ್ನು ತಟ್ಟಿ, "ಏನ ಮಾಡೂದು ತಮ್ಮಾ, ಹೊಸಬರು ಬಂದಾರ. ನಾವು ನೀವು ಇನ್ನ ಸರೀಬೇಕು" ಎನ್ನುತ್ತಾರೆ. ನನಗೆ ಕೇಳಿಸಲಿ ಎಂದೇ ಸ್ವಲ್ಪ ಜೋರಾಗಿ ಹೇಳುತ್ತಾರೆ.

ಹೊಸಬರು ಎಂದರೆ ನನ್ನ ಎಸ್ಪ್ರೆಸ್ಸೊ ಯಂತ್ರ. ಎಸ್ಪ್ರೆಸ್ಸೊ ಎಂದರೆ, ಬಲ್ಲವರು ಕ್ಷಮಿಸಬೇಕು, ನುಣ್ಣಗೆ ಬೀಸಿದ ಕಾಫಿ ಪುಡಿಯನ್ನು ಒತ್ತಿ ಕೂರಿಸಿ, ಅದರೊಳಗಿಂದ ಬಿಸಿನೀರನ್ನು ಭಾರಿ ಒತ್ತಡದಲ್ಲಿ ನುಗ್ಗಿಸಿ ಇಳಿಸುವ ಎರಡೇ ಗುಟುಕಿನ ದಟ್ಟ ಕಾಫಿ. ಹಾಲಿಲ್ಲ, ಸಕ್ಕರೆಯಿಲ್ಲ. ಮೇಲೆ ಜೇನಿನ ಬಣ್ಣದ ತೆಳ್ಳನೆಯ ನೊರೆ ನಿಲ್ಲಬೇಕು, ಅದಕ್ಕೆ ಕ್ರೆಮಾ ಎನ್ನುತ್ತಾರೆ. ಒಮ್ಮೆ ತರಬೇತಿಗೆಂದು ಹುಬ್ಬಳ್ಳಿಗೆ ಹೋದಾಗ ಕುಡಿದೆ. ಕುಡಿದಾಗ ಮುಖ ಹಿಂಡಿಕೊಂಡೆ. ಆದರೆ ವಾಪಸು ಬರುವ ಬಸ್ಸಿನಲ್ಲಿ, ಕೊಲ್ಹಾರದ ಸೇತುವೆ ದಾಟುವವರೆಗೂ ಅದರ ರುಚಿ ನಾಲಗೆಯ ಮೇಲೆ ಕೂತೇ ಇತ್ತು. ನನ್ನ ಹಟ ನಿಮಗೆ ಗೊತ್ತಿಲ್ಲ. ದೀಪಾವಳಿಯ ಹೊತ್ತಿಗೆ ಯಂತ್ರ ಮನೆಗೆ ಬಂತು.

ಬಂದದ್ದು ನನ್ನ ಚಪಲಕ್ಕೆ, ನಿಜ. ಆದರೆ ಅದು ಈವರೆಗೆ ಕಟ್ಟೆಯ ಮೇಲೆ ಉಳಿದಿರುವುದು ನನ್ನ ಅಣ್ಣನ ದೆಸೆಯಿಂದ. ಬಿಜ್ಜರಗಿಯಲ್ಲಿ ದ್ರಾಕ್ಷಿ ತೋಟ ಮಾಡಿಕೊಂಡಿರುವ ನನ್ನ ಒಬ್ಬನೇ ಅಣ್ಣ ನಮ್ಮ ಮನೆಗೆ ಬರುವುದನ್ನೇ ಬಿಟ್ಟಿದ್ದ. ಜಗಳವಿಲ್ಲ, ಮುನಿಸಿಲ್ಲ, ಸುಮ್ಮನೆ ಬಿಟ್ಟಿದ್ದ. ಅವನನ್ನು ಮತ್ತೆ ನಮ್ಮ ಮನೆಯೊಳಗೆ ಕರೆತಂದು ಕುರ್ಚಿಯ ಮೇಲೆ ಕೂರಿಸಬೇಕು ಎಂಬುದೊಂದೇ ನನಗಿದ್ದ ಆಸೆ. ಅದಕ್ಕೂ ಕಾಫಿಗೂ ಏನು ಸಂಬಂಧ ಎನ್ನುತ್ತೀರಾ? ಬರುತ್ತೇನೆ, ತಡೆಯಿರಿ. ಮಾತಿಗೆ ಕೂತರೆ ನಾನು ಪಶ್ಚಿಮದ ಟಿಕೋಟಾಕ್ಕೆ ಹೋಗಲು ಉತ್ತರದ ಸೊಲ್ಲಾಪುರ ರಸ್ತೆ ಹಿಡಿಯುವವಳು.

ನಾವು ಚಹಾದ ಜನ. ಚಿಕ್ಕವರಿದ್ದಾಗ ಬೆಳಿಗ್ಗೆ ನನಗೂ ಅಣ್ಣನಿಗೂ ಸೇರಿ ಒಂದೇ ಕಪ್ ಚಹಾ. ಅಣ್ಣನಿಗೆ ಕಪ್ಪು, ನನಗೆ ಅದರ ಕೆಳಗಿನ ಬಶಿ. ಬಗ್ಗಿಸಿ ಕೊಡುವ ಕೆಲಸ ಅವನದು. ಅವನು ಎಷ್ಟು ಧಾರಾಳವಾಗಿ ಬಗ್ಗಿಸುತ್ತಿದ್ದನೆಂದರೆ ಬಶಿ ತುಂಬಿ ತುಳುಕಿ ನನ್ನ ಲಂಗದ ಮೇಲೆ ಚೆಲ್ಲುತ್ತಿತ್ತು, ಅವನ ಕಪ್ಪಿನಲ್ಲಿ ತಳದ ಚರಟವಷ್ಟೇ ಉಳಿಯುತ್ತಿತ್ತು. ಅವ್ವ ಇಬ್ಬರಿಗೂ ಬೈಯುತ್ತಿದ್ದಳು.

ಕಾಫಿ ನಮ್ಮ ಮನೆಯನ್ನು ಒಂದೇ ಒಂದು ಸಲ ಹೊಕ್ಕಿತ್ತು. ಮೈಸೂರು ಕಡೆಯ ಮಾಸ್ತರರೊಬ್ಬರು ನಮ್ಮೂರ ಸಾಲೆಗೆ ವರ್ಗವಾಗಿ ಬಂದಿದ್ದರು. ಅವರು ಚಹಾ ಕುಡಿಯುವುದಿಲ್ಲವಂತೆ, ಕಾಫಿಯೇ ಬೇಕಂತೆ ಎಂಬ ಸುದ್ದಿ ಅವರಿಗಿಂತ ಮೊದಲು ಊರು ಮುಟ್ಟಿತ್ತು. ಅವ್ವ ಅವರನ್ನು ಊಟಕ್ಕೆ ಕರೆದವಳು ಪೇಟೆಯಿಂದ ಕಾಫಿ ಪುಡಿ ತರಿಸಿದಳು. ಚಹಾ ಕುದಿಸುವ ಬೋಗುಣಿಯಲ್ಲೇ ನೀರು, ಹಾಲು, ಸಕ್ಕರೆ, ಕಾಫಿ ಪುಡಿ, ಜಜ್ಜಿದ ಹಸಿಶುಂಠಿ ಎಲ್ಲವನ್ನೂ ಹಾಕಿ, ಕೆಂಪಾಗುವವರೆಗೆ ಕುದಿಸಿ, ಸೋಸಿ ಕೊಟ್ಟಳು. ಮಾಸ್ತರರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಆಮೇಲೆ ಪೂರ್ತಿ ಕುಡಿದು, "ಬಹಳ ಚೆನ್ನಾಗಿದೆ ತಾಯಿ" ಎಂದರು. ಮುಂದೆ ಅವರು ನಮ್ಮೂರಲ್ಲಿ ಇರುವಷ್ಟು ದಿನ ಚಹಾ ಕುಡಿದರು. ಆ ದೊಡ್ಡ ಮನುಷ್ಯ ನನಗೆ ಈಗಲೂ ಆಗಾಗ ನೆನಪಾಗುತ್ತಾರೆ.

ಇಂಥ ಮನೆತನದ ಹೆಣ್ಣು ನಾನು ಎಸ್ಪ್ರೆಸ್ಸೊ ಮಾಡಲು ಹೊರಟಿದ್ದು. ಯಂತ್ರದ ಜೊತೆ ಬಂದ ಪುಸ್ತಿಕೆಯನ್ನು ಓದಿದ್ದರೆ ಸಾಕಿತ್ತು. ನಾನು ಫೋನು ತೆಗೆದೆ, ಅಲ್ಲಿಗೆ ಕೆಟ್ಟೆ. ವಿಡಿಯೊದಲ್ಲಿ ಗಡ್ಡದವನೊಬ್ಬ ಪುಡಿಯನ್ನು ಹದಿನೆಂಟು ಗ್ರಾಂ ತೂಗಿಯೇ ಹಾಕಬೇಕು, ಒಂದು ಗ್ರಾಂ ಆಚೀಚೆಯಾದರೂ ಸುರಿದುಬಿಡಿ ಎಂದ. ಬೋಳುತಲೆಯವನೊಬ್ಬ ತಕ್ಕಡಿ ಬಿಸಾಕಿ, ನಾಲಗೆಯನ್ನು ನಂಬಿ ಎಂದ. ಹುಳಿಯಾದರೆ ಇನ್ನೂ ನುಣ್ಣಗೆ ಬೀಸಿ, ಕಹಿಯಾದರೆ ತರಿಯಾಗಿ ಬೀಸಿ ಎಂದು ಇಬ್ಬರೂ ಹೇಳಿದರು. ನನ್ನದು ಹುಳಿಯೂ ಆಗುತ್ತಿತ್ತು, ಕಹಿಯೂ ಆಗುತ್ತಿತ್ತು. ಇದಕ್ಕೇನು ಮಾಡಲಿ ಎಂದು ಬರೆದು ಕೇಳಿದ್ದಕ್ಕೆ, ಯಾವನೋ ಪುಣ್ಯಾತ್ಮ "ನಿಮ್ಮ ನಾಲಗೆ ಪರೀಕ್ಷೆ ಮಾಡಿಸಿಕೊಳ್ಳಿ" ಎಂದು ಉತ್ತರ ಬರೆದಿದ್ದ. ಬಬಲೇಶ್ವರದ ಹೈಸ್ಕೂಲಿನಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುವವಳು ನಾನು. ಆದರೂ ಸ್ಟಾಫ್ ರೂಮಿನಲ್ಲಿ ಕೂತು, ಊಟದ ಡಬ್ಬಿಯ ಉಪ್ಪಿನಕಾಯಿಯನ್ನು ಬೇರೆ, ಹೋಳಿಗೆಯನ್ನು ಬೇರೆ ನೆಕ್ಕಿ ನಾಲಗೆ ಸರಿಯಿದೆಯೇ ಎಂದು ನೋಡಿಕೊಂಡೆ. ಸರಿಯೇ ಇತ್ತು.

ಪುಡಿ ಗಂಟುಕಟ್ಟಬಾರದು, ಅದಕ್ಕೆ ತೆಳ್ಳನೆಯ ಸೂಜಿಗಳಿಂದ ಕೆದಕಬೇಕು ಎಂದು ಇನ್ನೊಬ್ಬಳು ಹೇಳಿದಳು. ಬಿರಡೆಗೆ ಸೂಜಿ ಚುಚ್ಚಿಕೊಳ್ಳಿ ಎಂದಿದ್ದಳು. ಬಿರಡೆ ಎಲ್ಲಿಂದ ತರಲಿ? ಕಾಯಿಪಲ್ಯದ ಬುಟ್ಟಿಯಲ್ಲಿ ಒಣಗಿದ ನಿಂಬೆಹಣ್ಣೊಂದು ಸಿಕ್ಕಿತು. ಹೊಲಿಗೆಯ ಸೂಜಿಗಳನ್ನು ಅದಕ್ಕೆ ಸಾಲಾಗಿ ಚುಚ್ಚಿ, ಕೆಲಸ ಮುಗಿಸಿ, ಕಟ್ಟೆಯ ಮೇಲೆ ಇಟ್ಟು ಹಲ್ಲುಜ್ಜಲು ಹೋದೆ. ಬರುವಷ್ಟರಲ್ಲಿ ನಮ್ಮ ಮನೆಯವರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

"ಸುಮಿತ್ರಾ, ಖರೇ ಹೇಳು. ಯಾರ ಮ್ಯಾಲ ಮಾಡಿಸಾಕತ್ತಿ ಇದನ್ನ?"

"ಕಾಫಿ ಪುಡಿ ಮ್ಯಾಲ್ರಿ."

"ಪುಡಿ ಏನ ಅನ್ಯಾಯ ಮಾಡೇತಿ ನಿನಗ?"

ಸೂಜಿ ಚುಚ್ಚಿದ ನಿಂಬೆಹಣ್ಣು ಅಡುಗೆಮನೆಯಲ್ಲಿ ಕಂಡರೆ ನಮ್ಮ ಕಡೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಅವರು ಅವತ್ತು ಕಾಫಿಯನ್ನು ಮುಟ್ಟಲಿಲ್ಲ.

ಗಿರಣಿಯ ಪ್ರಸಂಗ ಇದಕ್ಕಿಂತ ದೊಡ್ಡದು. ಮಿಕ್ಸರ್‌ನಲ್ಲಿ ಬೀಸಿದರೆ ಬೀಜ ಸುಡುತ್ತದೆ, ಹಲ್ಲಿರುವ ಎರಡು ಬಿಲ್ಲೆಗಳ ನಡುವೆಯೇ ಅರೆಯಬೇಕು ಎಂದು ಗಡ್ಡದವನು ಹೇಳಿದ್ದ. ಎರಡು ಬಿಲ್ಲೆ ಎಂದೊಡನೆ ನನಗೆ ಹೊಳೆದದ್ದು ಸೊಲ್ಲಾಪುರ ರಸ್ತೆಯ ಹಿಟ್ಟಿನ ಗಿರಣಿ. ಅಲ್ಲಿಯೂ ಎರಡು ಕಲ್ಲು ತಾನೆ ತಿರುಗುವುದು! ಬೀಜದ ಪೊಟ್ಟಣ ಹಿಡಿದು ಹೋದೆ. ಗಿರಣಿಯವರು ಬೀಜವನ್ನು ಮೂಸಿ ನೋಡಿ, "ಟೀಚರ್, ಈಗಷ್ಟ ಮಸಾಲಿ ಖಾರ ಹಾಕೇನ್ರಿ. ತಡೀರಿ, ಒಂದು ಮುಷ್ಟಿ ಗೋದಿ ಹಾಕಿ ಕಲ್ಲು ಸ್ವಚ್ಛ ಮಾಡಿ ಕೊಡ್ತೇನಿ" ಎಂದರು. ಎಷ್ಟು ಒಳ್ಳೆಯವರು ಎಂದುಕೊಂಡೆ. ಮರುದಿನ ಬೆಳಿಗ್ಗೆ ಇಳಿದ ಎಸ್ಪ್ರೆಸ್ಸೊದಲ್ಲಿ ಮೆಣಸಿನಕಾಯಿ, ಕೊತ್ತಂಬರಿ, ಲವಂಗ, ಒಂದಿಷ್ಟು ಗೋಧಿಹಿಟ್ಟು ಎಲ್ಲವೂ ಇದ್ದವು. ಕಾಫಿಯೂ ಇದ್ದಿರಬೇಕು. ನಮ್ಮ ಮನೆಯವರು ಮಾತ್ರ ಚಪ್ಪರಿಸಿ, "ಇದಕ್ಕೊಂದೀಟು ಉಪ್ಪು ಬಿದ್ದಿದ್ರ ರೊಟ್ಟಿಗಿ ಹಚ್ಚಿಕೊಳ್ಳಾಕ ಬರ್ತಿತ್ತು" ಎಂದರು.

ನೀರಿನದೂ ಹೀಗೆಯೇ ಗೋಳು. ನಮ್ಮ ಬೋರಿನ ನೀರು ಕಾಸಿದ ಪಾತ್ರೆಯಲ್ಲೆಲ್ಲ ಬಿಳಿ ಹಕ್ಕಳೆ ಕಟ್ಟುತ್ತದೆ. ಆ ನೀರು ಯಂತ್ರವನ್ನು ಕೊಲ್ಲುತ್ತದೆ ಎಂದು ಒಬ್ಬ, ಪೂರ್ತಿ ಶುದ್ಧ ಮಾಡಿದ ನೀರು ರುಚಿಯನ್ನು ಕೊಲ್ಲುತ್ತದೆ ಎಂದು ಇನ್ನೊಬ್ಬ. ಕೊನೆಗೆ ಕ್ಯಾನಿನ ಶುದ್ಧ ನೀರಿಗೆ ಒಂದು ಚಂಬು ಬೋರಿನ ನೀರು ಬೆರೆಸಿದೆ. ಈ ಬೆರಕೆಯನ್ನು ಯಾವ ಗುರುವೂ ಹೇಳಿರಲಿಲ್ಲ, ಯಂತ್ರವೂ ಬೇಡವೆನ್ನಲಿಲ್ಲ. ಅಲ್ಲಿಂದ ಮುಂದೆ ನಾನು ಒಂದು ಬುದ್ಧಿ ಕಲಿತೆ. ಒಂದು ದಿನಕ್ಕೆ ಒಂದೇ ಸಲಹೆ ಕೇಳುವುದು, ಅದನ್ನೊಂದೇ ಮಾಡಿ ನೋಡುವುದು, ರುಚಿ ಕೆಟ್ಟರೆ ಮಾರನೆಯ ದಿನ ಬಿಡುವುದು. ಕೈಯಲ್ಲಿ ತಿರುಗಿಸುವ ಸಣ್ಣ ಬೀಸುವ ಯಂತ್ರವೊಂದನ್ನು ತರಿಸಿದೆ. ನಮ್ಮ ಮನೆಯವರು ಪೇಪರ್ ಓದುತ್ತ ಅದನ್ನು ತಿರುಗಿಸಿಕೊಡಲು ಒಪ್ಪಿದರು. ಅಂತೂ ಜೇನಿನ ಬಣ್ಣದ ನೊರೆ ಒಂದು ದಿನ ಬಂದೇ ಬಂತು. ನಾನು ಅಡುಗೆಮನೆಯಲ್ಲಿ ನಿಂತು ಒಬ್ಬಳೇ ಚಪ್ಪಾಳೆ ತಟ್ಟಿದೆ.

ಆದರೆ ಕುಡಿಸುವುದು ಯಾರಿಗೆ? ನೊರೆ ಒಂದೆರಡು ನಿಮಿಷ ನಿಂತರೆ ಹೆಚ್ಚು, ಇಳಿಸಿದ ಕೂಡಲೇ ಕುಡಿಯಬೇಕು ಎಂದು ಲೋಕದ ಗುರುಗಳೆಲ್ಲ ಒಂದೇ ಬಾಯಲ್ಲಿ ಹೇಳುತ್ತಾರೆ. ಅವರಾರೂ ವಿಜಯಪುರದಲ್ಲಿ ಅತಿಥಿಗಳನ್ನು ಸತ್ಕರಿಸಿಲ್ಲ. ಎದುರು ಮನೆಯ ವಕೀಲರು ಬಂದರು. ಕಪ್ಪು ಹಿಡಿದು ನಿಂತೆ.

"ಬ್ಯಾಡ್ರಿ, ಈಗಷ್ಟ ಕುಡದು ಬಂದೇನ್ರಿ."

"ಒಂದೀಟ ತಗೋರಿ."

"ಖರೇನ ಬ್ಯಾಡ್ರಿ. ನೀವು ತಗೋರಿ."

"ನಮ್ಮದು ಆಗೇತ್ರಿ. ನಿಮಗಂತ ಮಾಡೇನಿ."

"ಅಯ್ಯ, ಯಾಕ ತ್ರಾಸ ತಗೊಂಡ್ರಿ?"

ಬೇಡ ಎನ್ನದೆ ಮೊದಲ ಸಲಕ್ಕೇ ಕೈಚಾಚುವುದು ನಮ್ಮಲ್ಲಿ ಸಭ್ಯತೆಯಲ್ಲ. ಅವರು ತಮ್ಮ ಸಭ್ಯತೆಯನ್ನು ಪೂರ್ತಿ ನಡೆಸಿ ಕಪ್ಪು ತೆಗೆದುಕೊಳ್ಳುವಷ್ಟರಲ್ಲಿ ಆ ನೊರೆ ಸತ್ತು, ಕಾಫಿ ತಣ್ಣಗಾಗಿ ಹೋಗಿತ್ತು. ಒಂದೇ ಗುಟುಕಿಗೆ ಮುಗಿಸಿದರು. ಮುಗಿಸಿ ಸುಮ್ಮನೆ ನನ್ನ ಮುಖ ನೋಡುತ್ತ ಕೂತರು. ನಾನೂ ಕೂತೆ. ಕೊನೆಗೆ ಅವರೇ, "ಟೀಚರ್, ರುಚಿ ನೋಡಿದ್ವಿ, ಚಲೋ ಐತಿ. ಇನ್ನ ಕುಡಿಯಾಕ ಕೊಡ್ರಿ" ಎಂದರು. ಎದ್ದು ಹೋಗಿ ಚಹಾ ಇಟ್ಟೆ.

ಇನ್ನು ಅಣ್ಣನ ಮಾತಿಗೆ ಬರುತ್ತೇನೆ.

ನನ್ನ ಅಣ್ಣ ಬಸವರಾಜನಿಗೆ ಚಹಾ ಎಂದರೆ ಕೂತು ಹರಟಲು ಸಿಕ್ಕ ನೆಪ. ಬಿಜ್ಜರಗಿಯಿಂದ ವಿಜಯಪುರಕ್ಕೆ ಹೊರಟರೆ ಟಿಕೋಟಾದಲ್ಲಿ ನಿಲ್ಲದೆ ಬಂದವನಲ್ಲ. ಅಲ್ಲಿ ಮೇನ್ ರೋಡಿಗೇ ನಮ್ಮ ಚಿಗವ್ವನ, ಅಂದರೆ ಅವ್ವನ ತಂಗಿಯ ಕಿರಾಣಿ ಅಂಗಡಿ, ಹಿಂದೆಯೇ ಅವಳ ಮನೆ. ಅಲ್ಲೊಂದು ಕಪ್ಪು. ಪೇಟೆಯಲ್ಲಿ ಔಷಧದ ಅಂಗಡಿಯಲ್ಲೊಂದು, ನಮ್ಮ ಮನೆಯಲ್ಲೊಂದು. ಎಲ್ಲ ಕಡೆಯೂ ಬಾಯಿ ಅಂಟುವಷ್ಟು ಸಕ್ಕರೆ. ಡಾಕ್ಟರು ಸಕ್ಕರೆ ಕಾಯಿಲೆ ಎಂದು ಹೇಳಿದ ದಿನ ಅಣ್ಣ ಹೆದರಲಿಲ್ಲ. ಹೆದರಿದವರು ನಮ್ಮ ಮನೆತನದ ವಾಟ್ಸಪ್ ಗುಂಪಿನವರು. ಮೆಂತೆ ನೀರು ಕುಡಿ ಎಂದು ಒಬ್ಬರು, ಹಾಗಲಕಾಯಿ ರಸ ಎಂದು ಇನ್ನೊಬ್ಬರು, ನೇರಳೆ ಬೀಜದ ಪುಡಿ, ಬೇವಿನ ಚಿಗುರು, ಅಮೃತಬಳ್ಳಿ. ನಾನು ಗಡ್ಡದವನಿಗೂ ಬೋಳುತಲೆಯವನಿಗೂ ನಡುವೆ ಒದ್ದಾಡಿದೆನಲ್ಲ, ಅಣ್ಣನಿಗೆ ಆ ತೊಂದರೆಯೇ ಇರಲಿಲ್ಲ. ಅವನು ಎಲ್ಲರ ಮಾತನ್ನೂ ಒಂದೇ ದಿನ ನಡೆಸಿಕೊಟ್ಟ. ಯಾರಿಗೂ ಬೇಜಾರಾಗಬಾರದು ನೋಡಿ. ಡಾಕ್ಟರು ಹೊಟ್ಟೆನೋವಿಗೆ ಬೇರೆ ಗುಳಿಗೆ ಕೊಟ್ಟು, "ಮೊದಲ ಆ ಫೋನ್ ಬಂದ್ ಮಾಡ್ರಿ, ನಾ ಕೊಟ್ಟ ಗುಳಿಗಿ ತಗೋರಿ, ಚಾ ಬಿಡ್ರಿ" ಎಂದು ಗದರಿದರಂತೆ.

ಸಕ್ಕರೆಯಿಲ್ಲದ ಚಹಾ ಕುಡಿಯಬಹುದಲ್ಲ ಎನ್ನಬೇಡಿ. ನಮ್ಮ ಕಡೆ ಅದು ಅಷ್ಟು ಸುಲಭವಲ್ಲ. ಬಂದವರಿಗೆ ಸಪ್ಪನೆಯ ಚಹಾ ಕೊಟ್ಟು ಕಳಿಸುವುದು ಎಂದರೆ ಮನೆಯ ಹೆಂಗಸು ಅವರ ಬಾಯಿಗೆ ಮಣ್ಣು ಹಾಕಿದ ಹಾಗೆ. "ಸಕ್ಕರಿ ಬ್ಯಾಡ" ಎಂದರೆ ತಲೆಯಾಡಿಸುತ್ತಾರೆ, ಒಳಗೆ ಹೋಗಿ ಒಂದು ಚಮಚ ಹಾಕಿಯೇ ತರುತ್ತಾರೆ. "ಒಂದೀಟ ಹಾಕೇನಿ, ಏನೂ ಆಗೂದಿಲ್ಲ, ಕುಡಿ" ಎನ್ನುತ್ತಾರೆ. ಕೈಯಲ್ಲಿ ಕೊಟ್ಟ ಕಪ್ಪನ್ನು ಅಣ್ಣ ಒಲ್ಲೆ ಎನ್ನಲಾರ. ಪ್ರತಿ ಮನೆಯ ಆ ಒಂದೊಂದು ಚಮಚ ಸೇರಿ ರಕ್ತದ ವರದಿಯಲ್ಲಿ ಕಾಣುತ್ತಿತ್ತು.

ಹಾಗಾಗಿ ಅವನು ಒಂದು ಉಪಾಯ ಮಾಡಿದ. ಯಾರ ಮನೆಗೂ ಹೋಗುವುದನ್ನು ಬಿಟ್ಟ. ತೋಟ, ಮನೆ, ಆಸ್ಪತ್ರೆ. ನಡುವೆ ಎಲ್ಲೂ ಇಳಿಯುತ್ತಿರಲಿಲ್ಲ. ನನಗೆ ಇದು ತಿಳಿದದ್ದು ಕಳೆದ ವರ್ಷದ ಪಂಚಮಿಗೆ. ನಾಗರ ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆಯಲು ಅಣ್ಣನೇ ಬರಬೇಕು. ನನ್ನ ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪಿಸದೆ ಬಂದಿದ್ದ. ಕಳೆದ ವರ್ಷ ಕಾರು ಬಂತು, ಡ್ರೈವರ್ ಬಂದ, ಅಣ್ಣ ಬರಲಿಲ್ಲ. ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತು ಟಿಕೋಟಾ ದಾಟುವಾಗ ಅಳು ಬಂತು. ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ ಚಿಗವ್ವ ನಮ್ಮ ಕಾರನ್ನು ಕಂಡು ಎದ್ದು ನಿಂತಳು. ಕಾರು ನಿಲ್ಲಲಿಲ್ಲವೆಂದು ಮತ್ತೆ ಕೂತಳು.

ಊರಿಗೆ ಹೋದಾಗ ವೈನಿ, ಅಣ್ಣನ ಹೆಂಡತಿ, ನನ್ನನ್ನು ಬದಿಗೆ ಕರೆದು ಹೇಳಿದರು. "ಎಲ್ಲಿಗೂ ಹೋಗವಲ್ರು ನೋಡವಾ. ಮೊದಲ ಮನಿಯಾಗ ಕುಂದರ್ರಿ ಅಂದ್ರ ಕುಂದರತಿರಲಿಲ್ಲ. ಈಗ ಹೊರಗ ಹೋಗ್ರಿ ಅಂದ್ರ ಹೋಗೂದಿಲ್ಲ. ಮಾತ ಕಡಿಮಿ ಆಗ್ಯಾವ."

ಯಂತ್ರ ಬಂದು, ನೊರೆ ಬಂದು, ನನ್ನ ಕೈ ಕುದುರಿದ ಮೇಲೆ ಒಂದು ಬೆಳಿಗ್ಗೆ ಕಪ್ಪು ಬಾಯಿಗಿಟ್ಟವಳಿಗೆ ಥಟ್ಟನೆ ಹೊಳೆಯಿತು. ಇದರಲ್ಲಿ ಹಾಲಿಲ್ಲ, ಸಕ್ಕರೆಯಿಲ್ಲ, ಇದ್ದರೆ ಎರಡು ಗುಟುಕು! ವೈನಿಗೆ ಫೋನ್ ಮಾಡಿ ಡಾಕ್ಟರನ್ನು ಕೇಳಲು ಹೇಳಿದೆ. ಈ ಸಲ ಗುರುಗಳನ್ನು ಕೇಳಲಿಲ್ಲ. ಸಣ್ಣ ಕಪ್ಪು, ಸಕ್ಕರೆಯಿಲ್ಲದೆ, ಆಗಾಗ ಆದರೆ ಅಡ್ಡಿಯಿಲ್ಲ ಎಂದು ಡಾಕ್ಟರು ಹೇಳಿದರಂತೆ. ಅಣ್ಣನಿಗೆ ಫೋನ್ ಹಚ್ಚಿದೆ.

"ಅಣ್ಣಾ, ಈ ಪಂಚಮಿಗೆ ನೀನ ಬರಬೇಕು ಕರಿಯಾಕ. ಗಾಡಿ ಕಳಸಿದ್ರ ನಾ ಬರೂದಿಲ್ಲ."

"ನೋಡೂಣಂತ ಬೇ."

"ನೋಡೂಣಂತ ಅಲ್ಲ. ಚಾ ಕೊಡೂದಿಲ್ಲ, ಅಂಜಬ್ಯಾಡ."

"ಚಾ ಸೈತ ಕೊಡೂದಿಲ್ಲಂದ್ರ ಮತ್ಯಾಕ ಕರೀತಿ?" ಎಂದು ನಕ್ಕ. ನಗು ಹಳೆಯದೇ ಆಗಿತ್ತು. ಬರುತ್ತೇನೆ ಎಂದು ಮಾತ್ರ ಹೇಳಲಿಲ್ಲ.

ಪಂಚಮಿಯ ಹಿಂದಿನ ದಿನ ಮುಂಜಾನೆಯಿಂದ ನಾನು ಅಡುಗೆಮನೆಗೂ ಗೇಟಿಗೂ ತಿರುಗಿದೆ. ಯಂತ್ರವನ್ನು ಬಿಸಿಯಾಗಲು ಬಿಟ್ಟೆ, ಬೀಜ ಬೀಸಿಟ್ಟೆ, ಬೀಸಿಡಬಾರದು ಎಂದು ಗಡ್ಡದವನು ಹೇಳಿದ್ದು ನೆನಪಾಗಿ ಅದನ್ನು ಚೆಲ್ಲಿ ಮತ್ತೆ ಬೀಸಿಸಿದೆ. ನಮ್ಮ ಮನೆಯವರು ತೋಳು ಒತ್ತಿಕೊಳ್ಳುತ್ತ, "ನನಗೂ ತವರಮನಿ ಇದ್ದಿದ್ರ ನಾನೂ ಹೋಗತಿದ್ದೆ" ಎಂದರು. ಹಾರ್ನ್ ಕೇಳಿಸಿತು. ಓಡಿ ಹೋಗಿ ನೋಡಿದರೆ ಸ್ಟಿಯರಿಂಗ್ ಹಿಡಿದು ಕೂತವನು ಅಣ್ಣನೇ. ಅಂಗಿ ದೊಗಲೆಯಾಗಿ ಭುಜದ ಮೇಲೆ ಜೋತಿತ್ತು.

"ಲಗೂನ ಬಾರಬೇ, ನಾ ಇಲ್ಲೇ ಕುಂತಿರತೇನಿ," ಎಂದ.

"ಒಳಗ ಬಾ ಅಣ್ಣಾ. ಒಂದು ಮಶಿನ್ ತರಿಸೇನಿ, ನೋಡು ಬಾ."

"ಎಂಥಾ ಮಶಿನ್?"

"ಒಂಬತ್ತು ಬಾರ್ ಪ್ರೆಶರ್ ಐತಿ ಅದಕ್ಕ."

ಇಳಿದ! ದ್ರಾಕ್ಷಿ ಬೆಳೆಯುವವನ ಬಾಳುವೆಯೆಲ್ಲ ಔಷಧ ಹೊಡೆಯುವ ಪಂಪಿನ ಪ್ರೆಶರ್ ನೋಡುವುದರಲ್ಲೇ ಕಳೆಯುತ್ತದೆ. ಪ್ರೆಶರ್ ಎಂದರೆ ಅವನು ಕಾರಿನಲ್ಲಿ ಕೂತಿರಲಾರ ಎಂದು ನನಗೆ ಗೊತ್ತಿತ್ತು. ಅಡುಗೆಮನೆಗೆ ನೇರ ಬಂದವನೇ ಬಗ್ಗಿ, ಮುಳ್ಳಿನ ಮೀಟರನ್ನು ಬೆರಳಿನಿಂದ ತಟ್ಟಿ, ಅಡಿಯ ಜಾಲರಿ ಬಿಚ್ಚಿ ನೋಡಿ, "ಇಷ್ಟ ಸಣ್ಣದು ಒಂಬತ್ತು ಬಾರ್ ತಡಿತೈತೇನು? ನಳಗಿ ಒಡದೀತು, ಹುಷಾರ" ಎಂದ. ಒಂದು ವರ್ಷದ ಮೇಲೆ ನಮ್ಮ ಅಡುಗೆಮನೆಯಲ್ಲಿ ಅವನ ದನಿ ಕೇಳುತ್ತಿತ್ತು. ಅವಸರದಲ್ಲಿ ಪುಡಿ ಕೆದಕುವುದನ್ನೇ ಮರೆತೆ. ಮೊದಲ ಕಪ್ಪು ನೀರುನೀರಾಗಿ ಭರ್ರನೆ ಸುರಿದು ಹೋಯಿತು. ಸೂಜಿಯ ನಿಂಬೆಹಣ್ಣು ಹುಡುಕಿ, ಕೆದಕಿ, ಒತ್ತಿ, ಮತ್ತೆ ಹಾಕಿದೆ. ಎರಡನೆಯದು ತೆಳ್ಳಗೆ ಎಳೆಯಾಗಿ ಇಳಿಯಿತು. ಜೇನಿನ ಬಣ್ಣದ ನೊರೆ ನಿಂತಿತು. ಅಷ್ಟು ಚೆಂದದ್ದು ನಾನು ಹಿಂದೆಯೂ ಮಾಡಿಲ್ಲ, ಮುಂದೆಯೂ ಮಾಡಿಲ್ಲ.

"ಬ್ಯಾಡ ಬೇ..." ಎಂದು ಅವನು ಶುರು ಮಾಡಿದ.

"ಅಣ್ಣಾ, ಅದೆಲ್ಲಾ ಆಮ್ಯಾಲ ಅನ್ನು, ಮೊದಲ ಕುಡಿ. ನೊರಿ ಸಾಯತೈತಿ."

ಅವನು ಕಪ್ಪು ತೆಗೆದುಕೊಂಡ. ತೆಗೆದುಕೊಂಡು, ನಾನು ಬಾಯಿ ತೆರೆಯುವ ಮೊದಲೇ ಅಷ್ಟನ್ನೂ ಬಶಿಗೆ ಬಗ್ಗಿಸಿದ. ಜೇನಿನ ಬಣ್ಣದ ನೊರೆ ಬಶಿಯ ತುಂಬ ಹರಡಿ ಮಾಯವಾಯಿತು. ಗಡ್ಡದವನು ಕಂಡಿದ್ದರೆ ಎದೆ ಹಿಡಿದುಕೊಳ್ಳುತ್ತಿದ್ದ. ಅಣ್ಣ ಫೂ ಫೂ ಎಂದು ಊದಿ, ಸೊರ್ರೆಂದು ಹೀರಿದ.

"ಹೆಂಗೈತಿ?"

"ಕಹಿ ಐತಿ." ಇನ್ನೊಮ್ಮೆ ಹೀರಿದ. "ಹಾಗಲಕಾಯಿ ರಸಕ್ಕಿಂತ ಭಾಳ ವಾಸಿ."

ಅಲ್ಲೇ ಇದ್ದ ಕುರ್ಚಿಯನ್ನು ಕಾಲಿನಿಂದ ಎಳೆದುಕೊಂಡು ಕೂತ. ಅವನೇ ಬಶಿಯನ್ನು ನೋಡುತ್ತ ಹೇಳಿದ. "ನೀ ಸಿಟ್ಟಾಗಿರಬೇಕು. ಏನ ಮಾಡ್ಲಿ ಹೇಳು? ಒಲ್ಲೆ ಅಂದ ಕೂಡ್ಲೆ ಮಂದಿ ಮಾರಿ ಇಷ್ಟ ಸಣ್ಣ ಆಗತೈತಿ ನೋಡು. ಅದನ್ನ ನೋಡೂದು ಆಗಲಿಲ್ಲ ನನಗ. ಕುಡದ್ರ ಡಾಕ್ಟರ್ ಬೈತಾನ, ಬಿಟ್ರ ಅವರು ನೊಂದ್ಕೋತಾರ. ಹೋಗೂದ ಬ್ಯಾಡ ಅಂತ ಬಿಟ್ಟೆ. ಮನಿಯಾಗ ಕುಂತು ಕುಂತು ಹುಚ್ಚ ಹಿಡದಂಗ ಆಗೇತಿ ಸುಮ್ಮಿ."

ನಾನು ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸಿದೆ. ಅವನು ಬಶಿಯನ್ನು ಬರಿದು ಮಾಡಿ, ಏನೋ ಯೋಚಿಸಿ ಕೇಳಿದ. "ಇದಕ್ಕ ಸಕ್ಕರಿ ಹಾಕಂಗಿಲ್ಲೇನು?"

"ಹಾಕಿದ್ರ ಕೆಡತೈತಿ."

"ಯಾರು ಅಂತಾರ?"

"ತಿಳದವರು ಅಂತಾರ. ಫೋನಿನಾಗ."

ಇಲ್ಲಿ ನಿಮಗೆ ನಿಜ ಹೇಳಬೇಕು. ಸಕ್ಕರೆಯ ವಿಷಯದಲ್ಲಿ ಗುರುಗಳು ಇಬ್ಭಾಗ. ಎಸ್ಪ್ರೆಸ್ಸೊ ಹುಟ್ಟಿದ ಊರಿನವರೇ ಒಂದು ಚಮಚ ಸಕ್ಕರೆ ಹಾಕಿ ಕಲಕಿ ಕುಡಿಯುತ್ತಾರೆ ಎಂದು ಬೋಳುತಲೆಯವನು ಆಣೆ ಮಾಡಿ ಹೇಳಿದ್ದ. ಅಷ್ಟು ದಿನ ಇಬ್ಬರ ಮಾತನ್ನೂ ತೂಗಿ ನೋಡುತ್ತಿದ್ದ ನಾನು ಅವತ್ತು ತಕ್ಕಡಿಯನ್ನು ಒಳಗಿಟ್ಟು, ನನಗೆ ಬೇಕಾದ ಅರ್ಧವನ್ನಷ್ಟೇ ಅಣ್ಣನ ಮುಂದೆ ಇಟ್ಟೆ. ಅವನು ಆ ಮಾತನ್ನು ಬಾಯಲ್ಲಿ ಇನ್ನೊಮ್ಮೆ ಆಡಿ ನೋಡಿದ. "ಹಾಕಿದ್ರ ಕೆಡತೈತಿ. ಹಾಂ. ಚಲೋ ಆತು."

ಹೊರಟೆವು. ತೊರವಿ ದಾಟಿದ ಮೇಲೆ ಮಾತು ಶುರುವಾಯಿತು, ಟಿಕೋಟಾ ಬರುವವರೆಗೂ ನಿಲ್ಲಲಿಲ್ಲ. ಒಣದ್ರಾಕ್ಷಿಯ ಶೆಡ್ಡು, ವೈನಿಯ ಮೊಣಕಾಲು, ಹೊಸ ಜೋಕಾಲಿಗೆ ತಂದ ಹಗ್ಗ. ಚಿಗವ್ವನ ಅಂಗಡಿ ಕಂಡಿತು. ಅವಳು ಕಟ್ಟೆಯ ಮೇಲೆ ಕೂತಿದ್ದಳು. ಕಾರನ್ನು ಕಂಡಳು, ಈ ಸಲ ಏಳಲಿಲ್ಲ. ಎದ್ದು ಎದ್ದು ಸಾಕಾಗಿರಬೇಕು. ಅಣ್ಣ ಅಂಗಡಿ ದಾಟಿದ. ಸ್ವಲ್ಪ ಮುಂದೆ ಹೋಗಿ ಬ್ರೇಕ್ ಹಾಕಿದ. ಹಿಂದೆ ಬರುತ್ತಿದ್ದ ಟಂಟಂ ಆಟೊ ಹಾರ್ನ್ ಬಾರಿಸುತ್ತಿದ್ದರೂ ಕಾರನ್ನು ಹಿಂದಕ್ಕೆ ತಂದು ಅಂಗಡಿಯ ಮುಂದೆಯೇ ನಿಲ್ಲಿಸಿದ.

"ಯಪ್ಪಾ ಬಸೂ! ಬಂದೇನೋ ಯಪ್ಪಾ!" ಚಿಗವ್ವ ಅವನ ಗದ್ದ ಹಿಡಿದಳು, ತೋಳು ಮುಟ್ಟಿ ನೋಡಿದಳು. "ಎಷ್ಟ ಸೊರಗೀಯೋ! ಕುಂದ್ರು, ಕುಂದ್ರು, ಚಾ ಇಡತೇನಿ," ಎಂದು ಒಳಗೆ ತಿರುಗಿಯೇಬಿಟ್ಟಳು.

"ಚಿಗವ್ವಾ, ಚಾ ಒಲ್ಲೆ," ಎಂದ ಅಣ್ಣ.

ಅವಳು ನಿಂತಳು. ಅವನು ನಮ್ಮ ಅಡುಗೆಮನೆಯಲ್ಲಿ ಹೇಳಿದ್ದು ಸುಳ್ಳಲ್ಲ. ಅವಳ ಮುಖ ನನ್ನ ಕಣ್ಣೆದುರೇ ಸಣ್ಣದಾಯಿತು.

"ಕಾಪಿ ಮಾಡು," ಎಂದ ಅವನು. "ನಾ ಈಗ ಕಾಪಿ ಕುಡಿಯಾಕತ್ತೇನಿ. ಕರೀ ಕಾಪಿ. ಹಾಲು ಹಾಕಬ್ಯಾಡ."

"ಕಾಪಿ?" ಎಂದಳು ಚಿಗವ್ವ. "ನಮ್ಮ ಮನ್ಯಾಗ ಕಾಪಿ ಯಾರ ಕುಡೀತಾರೋ?" ಎನ್ನುತ್ತಲೇ ತನ್ನದೇ ಅಂಗಡಿಯ ಕಪಾಟಿನಿಂದ ಧೂಳು ಹಿಡಿದ ಪುಟ್ಟ ಕಾಫಿ ಡಬ್ಬಿಯೊಂದನ್ನು ಇಳಿಸಿ, ಸೆರಗಿನಲ್ಲಿ ಒರೆಸಿ, ಮುಚ್ಚಳ ಒಡೆದಳು. ನಾವು ಇಬ್ಬರೂ ಅವಳ ಹಿಂದೆ ಒಳಗೆ ಹೋದೆವು. ಚಹಾ ಕುದಿದು ಕುದಿದು ಕೆಂಪಾದ ಬೋಗುಣಿಯಲ್ಲಿ ನೀರಿಟ್ಟಳು. ಪುಡಿಯನ್ನು ಕೈಯಳತೆಯಲ್ಲಿ ಸುರಿದಳು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅವಳ ಕೈ ಅಭ್ಯಾಸಬಲದಿಂದ ಸಕ್ಕರೆಯ ಡಬ್ಬಿಗೆ ಹೋಗಿತ್ತು. ಚಮಚ ತುಂಬಿ ಮೇಲೆದ್ದಿತ್ತು.

"ಚಿಗವ್ವಾ, ಇದಕ್ಕ ಸಕ್ಕರಿ ಹಾಕಂಗಿಲ್ಲ," ಎಂದ ಅಣ್ಣ. "ಹಾಕಿದ್ರ ಕೆಡತೈತಿ."

ಚಮಚ ಅಲ್ಲೇ ನಿಂತಿತು. ಇದೇ ಮಾತನ್ನು ಅವನು ಚಹಾಕ್ಕೆ ಹೇಳಿದ್ದರೆ ಅವಳು ಕೇಳುತ್ತಿರಲಿಲ್ಲ. ಚಹಾದಲ್ಲಿ ಅವಳು ಯಾರಿಗೂ ಬಗ್ಗುವವಳಲ್ಲ. ಇದು ಕಾಫಿ, ಅವಳಿಗೆ ಗೊತ್ತಿಲ್ಲದ ಕಸುಬು.

"ಹೌದೇನೋ?" ಎಂದು ನನ್ನ ಕಡೆ ನೋಡಿದಳು.

"ಹೌದು ಚಿಗವ್ವಾ. ಕೆಡತೈತಿ," ಎಂದೆ.

"ನಮಗೇನ ಗೊತ್ತ ಯವ್ವಾ, ಚಲೋ ಆತು ಹೇಳಿದಿ," ಎಂದು ಸಕ್ಕರೆಯನ್ನು ಡಬ್ಬಿಗೆ ಸುರಿದು ಮುಚ್ಚಳ ಹಾಕಿದಳು. ಅವಳ ಮುಖ ಎಂದಿನಷ್ಟೇ ದೊಡ್ಡದಾಗಿತ್ತು.

ಆ ಕಾಫಿಯಲ್ಲಿ ಚಹಾದ ವಾಸನೆಯಿತ್ತು, ಯಾಲಕ್ಕಿಯಿತ್ತು, ಬೋಗುಣಿಯ ಹಳೆಯ ಶುಂಠಿಯಿತ್ತು. ನಾನು ಮೈಸೂರು ಕಡೆಯ ಮಾಸ್ತರರನ್ನು ನೆನೆದು ಪೂರ್ತಿ ಕುಡಿದೆ. ಅಣ್ಣ ಬಶಿಗೆ ಬಗ್ಗಿಸಿಕೊಂಡು, ಗೋಡೆಗೆ ಒರಗಿ, ಕಾಲು ಚಾಚಿ ಕೂತು ಮಾತಿಗೆ ಹತ್ತಿದ. ಟಿಕೋಟಾದಲ್ಲಿ ಒಂದು ವರ್ಷದಲ್ಲಿ ಯಾರು ಹುಟ್ಟಿದರು, ಯಾರು ಹೋದರು, ಯಾರ ಮಗಳನ್ನು ಯಾವ ಊರಿಗೆ ಕೊಟ್ಟರು, ಎಲ್ಲವನ್ನೂ ಕೇಳಿಕೊಂಡ. ಹೊರಗೆ ಅಂಗಡಿಗೆ ಗಿರಾಕಿ ಬಂದು ಕೂಗಿದರೆ ಚಿಗವ್ವ, "ಆಮ್ಯಾಲ ಬಾರೋ, ನಮ್ಮ ಬಸು ಬಂದಾನ!" ಎಂದು ಒಳಗಿನಿಂದಲೇ ಗದರಿದಳು. ಅಣ್ಣ ನನ್ನ ಕಡೆ ವಾಲಿ, "ನಿಂದಕ್ಕಿಂತ ಇದ ಚಲೋ ಐತಿ ನೋಡು" ಎಂದು ಪಿಸುಗುಟ್ಟಿದ. ಹೌದು ಬಿಡು ಎಂದೆ.

ನಾವು ಕಾರು ಹತ್ತಿದಾಗ ಅವಳು ಕಟ್ಟೆಯಿಂದ ಇಳಿದು ಕಿಟಕಿಯವರೆಗೂ ಬಂದಳು. ಕೈಯಲ್ಲಿ ಆ ಪುಟ್ಟ ಡಬ್ಬಿಯಿತ್ತು. ಅದನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡಿದಳು.

"ಡಬ್ಬಿ ಒಡದೇನಿ ಬಸೂ, ಪುಡಿ ಇನ್ನೂ ಭಾಳ ಉಳದೈತಿ," ಎಂದಳು. "ನಮ್ಮ ಮನ್ಯಾಗ ಮತ್ತ್ಯಾರೂ ಕುಡ್ಯಾವರಿಲ್ಲ. ನೀನ ಬಂದು ಮುಗಸಬೇಕು."

"ಮುಗದ ಮ್ಯಾಲ?" ಎಂದ ಅಣ್ಣ.

"ಇನ್ನೊಂದು ಒಡೀತೇನಿ," ಎಂದಳು ಚಿಗವ್ವ.